ಪ್ರಿಂಟರ್ ಕೆಟ್ಟಿದ್ದರೂ ಕಾಗದಪತ್ರ ಓದಬಹುದು

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ಯಾವ ಕಚೇರಿಗೆ ಹೋಗಿ, ಯಾವ ಸಂಘಕ್ಕೆ ಹೋಗಿ, ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ‘ಪ್ರಿಂಟರ್ ಕೆಟ್ಟಿದೆ, ಆಮೇಲೆ ಬನ್ನಿ.’ ಒಮ್ಮೆ ಟೋನರ್ ಖಾಲಿ. ಇನ್ನೊಮ್ಮೆ ಪೇಪರ್ ಸಿಕ್ಕಿಕೊಂಡಿದೆ. ಮತ್ತೊಮ್ಮೆ ರಿಪೇರಿಯವರು ಬರಬೇಕು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಪ್ರಿಂಟರ್ ಕೆಡುತ್ತದೆ. ನಮ್ಮ ಕಡೆಯ ಬೇಸಿಗೆ ಧೂಳಿಗೆ, ಕರೆಂಟ್ ಹೋಗಿ ಬರುವ ಆಟಕ್ಕೆ ಅದು ಕೆಡದೆ ಇದ್ದರೇ ಆಶ್ಚರ್ಯ. ನನ್ನ ತಕರಾರು ಬೇರೆ. ಪ್ರಿಂಟರ್ ಕೆಟ್ಟಿತು ಎಂದರೆ ಕೆಲಸವೇ ನಿಂತಿತು ಎಂದು ಕೌಂಟರಿನ ಒಳಗಿನವರು, ಹೊರಗಿನವರು ಇಬ್ಬರೂ ಒಪ್ಪಿಕೊಂಡು ಬಿಟ್ಟಿದ್ದಾರೆ. ಕಾಗದದ ಮೇಲೆ ಬರಬೇಕಾದದ್ದು ಕಂಪ್ಯೂಟರಿನೊಳಗೆ ಆಗಲೇ ತಯಾರಾಗಿ ಕೂತಿರುತ್ತದೆ. ಅದನ್ನು ಪರದೆಯ ಮೇಲೆ ನೋಡಬಹುದು, ತೋರಿಸಬಹುದು, ಬಂದವರ ಮೊಬೈಲಿಗೆ ಕಳಿಸಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಬಸ್ ಚಾರ್ಜು ಕಳೆದುಕೊಂಡು ತಿರುಗುತ್ತಾರೆ.

ನಾನು ದಾವಣಗೆರೆಯ ಚಾಮರಾಜಪೇಟೆ ಕಡೆ ಚಿಕ್ಕದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟವಳು. ಕನ್ನಡ ಟೈಪಿಂಗ್ ಜೂನಿಯರ್, ಸೀನಿಯರ್ ಮುಗಿಸಿ, ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ಕಲಿತು ಈ ಕೆಲಸಕ್ಕೆ ಬಂದೆ. ಲಗ್ನಪತ್ರಿಕೆ, ಪಾಂಪ್ಲೆಟ್, ಎಪಿಎಂಸಿ ವರ್ತಕರ ಬಿಲ್ ಬುಕ್ಕು, ಮಕ್ಕಳ ಪ್ರಾಜೆಕ್ಟು, ಎಲ್ಲ ಮಾಡಿದ್ದೇನೆ. ಒಂದು ಹಾಳೆ ಪ್ರಿಂಟ್ ಹೋದರೆ ನನಗೂ ನಾಲ್ಕು ಕಾಸು. ಹಾಗಿದ್ದೂ ಪ್ರಿಂಟ್ ಇಲ್ಲದೆ ಕೆಲಸ ಮಾಡಿ ಎಂದು ಬರೆಯುತ್ತಿದ್ದೇನೆ, ಅದನ್ನು ಗಮನಿಸಬೇಕು.

ಇತ್ತೀಚೆಗೆ ಜಗಳೂರು ಕಡೆಯ ರೈತರೊಬ್ಬರು ಅಂಗಡಿಗೆ ಬಂದರು. ಮೆಕ್ಕೆಜೋಳ ಹಾಕಿ ಸಾಲ ಮಾಡಿಕೊಂಡವರು. ಕೈಯಲ್ಲಿ ಮಗನ ಪೆನ್‌ಡ್ರೈವ್. ‘ಅಕ್ಕಾ, ಇದನ್ನ ಒಂಚೂರು ತೆಗೆದು ಕೊಡ್ರಿ, ಎಲ್ಲೂ ಓಪನ್ ಆಗ್ತಿಲ್ಲಂತೆ’ ಎಂದರು. ಸಾಲ ಕೊಟ್ಟ ಸಂಘದಲ್ಲಿ ಪ್ರಿಂಟರ್ ಕೆಟ್ಟಿತ್ತಂತೆ. ಅಲ್ಲಿನ ಗುಮಾಸ್ತರು ಪಾಪ ಒಳ್ಳೆಯವರೇ ಇರಬೇಕು. ಸುಮ್ನೆ ತಿರುಗಿಸಿ ಕಳಿಸಲು ಮನಸ್ಸಾಗದೆ ‘ಪ್ರಿಂಟ್ ಟು ಫೈಲ್’ ಕೊಟ್ಟು, ಹುಟ್ಟಿದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಹೊರಗೆ ಎಲ್ಲಾದರೂ ಪ್ರಿಂಟ್ ತೆಗೆಸಿಕೊಳ್ಳಿ ಎಂದಿದ್ದರು. ಫೈಲಿನ ಹೆಸರಿನ ಕೊನೆಗೆ ಪಿಆರ್‌ಎನ್ ಎಂದಿತ್ತು. ಮೊಬೈಲಿನಲ್ಲಿ ಒತ್ತಿದರೆ ತೆರೆಯಲಿಲ್ಲ. ಸೈಬರ್ ಸೆಂಟರಿನಲ್ಲಿ ‘ಫೈಲ್ ಕರಪ್ಟ್ ಆಗಿದೆ’ ಎಂದು ವಾಪಸ್ ಕೊಟ್ಟರಂತೆ.

ಕರಪ್ಟ್ ಏನೂ ಆಗಿರಲಿಲ್ಲ. ಅದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹೋಗಬೇಕಾಗಿದ್ದ ರಿಪೋರ್ಟು. ಆ ಥರದ ಫೈಲಿನಲ್ಲಿ ಬಹುಪಾಲು ಬರಿ ಅಕ್ಷರ, ಅಂಕಿ. ಮಧ್ಯೆ ಅಲ್ಲಲ್ಲಿ ಪ್ರಿಂಟರಿಗೆ ಕೊಟ್ಟ ಆಜ್ಞೆಗಳು. ಇಲ್ಲಿಂದ ಅಕ್ಷರ ಸಣ್ಣ ಮಾಡು, ಇಲ್ಲಿ ದಪ್ಪ ಮಾಡು, ಇಲ್ಲಿಗೆ ಹಾಳೆ ಮುಗಿಯಿತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಆಜ್ಞೆಗಳೆಲ್ಲ ಚೌಕಾಕಾರದ ಗುರುತಾಗಿಯೋ, ಬಾಣದ ಗುರುತಾಗಿಯೋ ಕಾಣುತ್ತವೆ. ಉಳಿದದ್ದು ಓದಲು ಬರುತ್ತದೆ. ಸಾಲುಗಳು ಚೆಲ್ಲಾಪಿಲ್ಲಿ ಆಗಿದ್ದರೆ ‘ವರ್ಡ್ ವ್ರಾಪ್’ ತೆಗೆದು, ಕೊರಿಯರ್ ನ್ಯೂ ಫಾಂಟ್ ಹಾಕಬೇಕು. ಆ ಫಾಂಟಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಹಾಗಾಗಿ ಕಾಲಮ್ಮುಗಳು ತಾವೇ ನೇರ ನಿಲ್ಲುತ್ತವೆ. ಆ ರೈತರಿಗೆ ಬೇಕಿದ್ದದ್ದು ಅಸಲು ಎಷ್ಟು, ಬಡ್ಡಿ ಎಷ್ಟು, ಕಟ್ಟುವ ಕಡೇ ತಾರೀಕು ಯಾವುದು ಎಂಬುದಷ್ಟೆ. ಪರದೆಯ ಮೇಲೇ ಓದಿ ಹೇಳಿದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದರು. ಹಾಳೆಯೇ ಬೇಕಾಗಲಿಲ್ಲ.

ಪಿಆರ್‌ಎನ್ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಪ್ರಿಂಟ್ ಒತ್ತಿದಾಗ ಕಂಪ್ಯೂಟರ್ ನಮ್ಮ ಪತ್ರವನ್ನು ಇದ್ದ ಹಾಗೇ ಪ್ರಿಂಟರಿಗೆ ಕಳಿಸುವುದಿಲ್ಲ. ಮಧ್ಯೆ ಡ್ರೈವರ್ ಎಂಬ ಸಾಫ್ಟ್‌ವೇರ್ ಕೂತಿರುತ್ತದೆ. ಅದು ಪತ್ರವನ್ನು ಆ ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ತಿರುಗಿಸಿ ಕೇಬಲ್ಲಿಗೆ ಬಿಡುತ್ತದೆ. ‘ಪ್ರಿಂಟ್ ಟು ಫೈಲ್’ ಎಂದು ಗುರುತು ಹಾಕಿದರೆ ಅದೇ ಸರಕು ಕೇಬಲ್ಲಿಗೆ ಹೋಗುವ ಬದಲು ಹಾರ್ಡ್ ಡಿಸ್ಕಿನಲ್ಲಿ ಒಂದು ಫೈಲಾಗಿ ಉಳಿಯುತ್ತದೆ. ಹಾಗಾಗಿ ಎರಡು ಪಿಆರ್‌ಎನ್ ಫೈಲುಗಳ ಹೆಸರಿನ ಬಾಲ ಒಂದೇ ಇದ್ದರೂ ಒಳಗಿನ ಹೂರಣ ಬೇರೆ ಬೇರೆ ಇರಬಹುದು. ಟೈಲರ್ ಬರೆದಿಟ್ಟ ಅಳತೆ ಚೀಟಿ ನೋಡಿ. ಚೀಟಿ ಎಲ್ಲ ಅಂಗಡಿಯಲ್ಲೂ ಚೀಟಿಯೇ. ಆದರೆ ಒಬ್ಬರ ಗುರುತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಒಂದು ಪ್ರಿಂಟರಿನ ಹೆಸರಿನಲ್ಲಿ ಮಾಡಿದ ಫೈಲನ್ನು ಬೇರೆ ಜಾತಿಯ ಪ್ರಿಂಟರಿಗೆ ಕೊಟ್ಟರೆ ಹಾಳೆಗಟ್ಟಲೆ ಅರ್ಥವಿಲ್ಲದ ಅಕ್ಷರ ಸುರಿಯುತ್ತದೆ. ಎಷ್ಟೋ ಅಂಗಡಿಯವರು ಹೀಗೆ ಪೇಪರ್ ಹಾಳು ಮಾಡಿಕೊಂಡಿದ್ದಾರೆ.

ಹಾಗಾದರೆ ಒಳಗಿರುವ ಭಾಷೆ ಯಾವುದು ಎಂದು ತಿಳಿಯುವುದು ಹೇಗೆ? ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಕೆಲವು ಸಾಲು ನೋಡಿದರೆ ಸಾಕು. ತೆರೆದು ನೋಡಿ, ಸೇವ್ ಮಾಡದೆ ಮುಚ್ಚಬೇಕು, ಅಷ್ಟೇ ಎಚ್ಚರಿಕೆ. ಸೇವ್ ಮಾಡಿದರೆ ಕೆಲವು ಫೈಲು ಕೆಡುತ್ತವೆ. ಶೇಕಡಾ ಗುರುತು, ಆಶ್ಚರ್ಯದ ಗುರುತು, ಆಮೇಲೆ ಇಂಗ್ಲಿಷಿನ ಪಿ ಮತ್ತು ಎಸ್ ಕಂಡರೆ ಅದು ಪೋಸ್ಟ್‌ಸ್ಕ್ರಿಪ್ಟ್. ಅದು ಪುಟವನ್ನು ವಿವರಿಸುವ ಒಂದು ಭಾಷೆ, ಪರದೆಯ ಮೇಲೆ ತೆರೆಯಲು ದಾರಿ ಇದೆ. ಅದೃಷ್ಟ ಚೆನ್ನಾಗಿದೆ ಎಂದೇ ಲೆಕ್ಕ. ಶೇಕಡಾ ಗುರುತಿನ ಪಕ್ಕ ಪಿಡಿಎಫ್ ಎಂದೇ ಇದ್ದರೆ ಇನ್ನೂ ಸುಲಭ. ಹೆಸರಿನ ಬಾಲವನ್ನು ಪಿಡಿಎಫ್ ಎಂದು ಬದಲಿಸಿದರೆ ಮೊಬೈಲಿನಲ್ಲೇ ತೆರೆಯುತ್ತದೆ. ಅಟ್ (@) ಗುರುತಿನ ಜೊತೆ ಪಿಜೆಎಲ್ ಎಂಬ ಮೂರು ಅಕ್ಷರ ಇದ್ದರೆ ಅದು ಲೇಸರ್ ಪ್ರಿಂಟರಿಗೆ ಹೊರಟ ಫೈಲು. ಅಲ್ಲೇ ಕೆಳಗೆ ‘ಎಂಟರ್ ಲಾಂಗ್ವೇಜ್’ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ಪಿಸಿಎಲ್ (ಇದೂ ಒಂದು ಪ್ರಿಂಟರ್ ಭಾಷೆ) ಎಂದೋ ಪೋಸ್ಟ್‌ಸ್ಕ್ರಿಪ್ಟ್ ಎಂದೋ ಹೇಳಿರುತ್ತದೆ. ಫೈಲು ತನ್ನ ಜಾತಕವನ್ನು ತಾನೇ ಹಣೆಯ ಮೇಲೆ ಬರೆದುಕೊಂಡಿರುತ್ತದೆ. ಓದುವವರು ಬೇಕು, ಅಷ್ಟೇ.

ಪೋಸ್ಟ್‌ಸ್ಕ್ರಿಪ್ಟ್ ಎಂಬುದು ಅಡೋಬಿ ಕಂಪನಿ 1984ರಲ್ಲಿ ತಂದ ಭಾಷೆ. ಡಿಟಿಪಿ ಎಂಬ ಕಸುಬು ಹುಟ್ಟಿದ್ದೇ ಅದರಿಂದ ಎಂದರೆ ತಪ್ಪಾಗದು. ಅದನ್ನು ಪರದೆಯ ಮೇಲೆ ಓದಿಸುವ ಗೋಸ್ಟ್‌ಸ್ಕ್ರಿಪ್ಟ್ ಎಂಬ ಸಾಫ್ಟ್‌ವೇರ್ ಇದೆ. ಪೀಟರ್ ಡಾಯ್ಚ್ ಎಂಬವರು ಬರೆದು 1988ರಲ್ಲಿ ಹೊರತಂದದ್ದು. ಉಚಿತವಾಗಿ ಸಿಗುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಫೈಲನ್ನು ಪಿಡಿಎಫ್ ಮಾಡಿ ಕೊಡುತ್ತದೆ. ಆದಷ್ಟು ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಬೇಕು. ಯಾಕೆಂದರೆ ಪೋಸ್ಟ್‌ಸ್ಕ್ರಿಪ್ಟ್ ಎಂಬುದು ಪೂರ್ತಿ ಪ್ರೋಗ್ರಾಮಿಂಗ್ ಭಾಷೆ. ಗೊತ್ತಿಲ್ಲದವರ ಫೈಲಿನಲ್ಲಿ ಕಿತಾಪತಿ ಅಡಗಿರಲೂಬಹುದು. 2019ರ ನಂತರದ ಆವೃತ್ತಿಗಳು ಅಂಥದ್ದಕ್ಕೆ ತಾವಾಗಿಯೇ ಕಡಿವಾಣ ಹಾಕುತ್ತವೆ. ಪಿಸಿಎಲ್ ಆದರೆ ಅದೇ ಬಳಗದ ಗೋಸ್ಟ್‌ಪಿಸಿಎಲ್ ಇದೆ. ಅದೂ ಅಷ್ಟೇ, ಓದಿ ಪಿಡಿಎಫ್ ಮಾಡುತ್ತದೆ.

ಇದರಿಂದ ಎಂಥ ಕೆಲಸ ಆಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಹೊಳಲ್ಕೆರೆ ಕಡೆಯ ಒಂದು ಹಳ್ಳಿಯವರು ಹಳೇ ಸಿಡಿಯೊಂದನ್ನು ತಂದಿದ್ದರು. ಅವರ ಊರಿನ ದೇವಸ್ಥಾನದ ಸ್ಮರಣ ಸಂಚಿಕೆ. ಇಪ್ಪತ್ತು ವರ್ಷದ ಹಿಂದಿನದು. ಊರಿನ ಹಿರಿಯರು ಬರೆದ ಲೇಖನ, ಜಾತ್ರೆಯ ಕೈಂಕರ್ಯ ಯಾರ ಮನೆತನಕ್ಕೆ ಯಾವುದು ಎಂಬ ಪಟ್ಟಿ, ಭಜನೆ ಪದಗಳು ಅದರಲ್ಲಿವೆ. ಅಚ್ಚಾದ ಪುಸ್ತಕ ಊರಲ್ಲಿ ಒಂದೂ ಉಳಿದಿಲ್ಲ. ಬರೆದವರಲ್ಲಿ ಹಲವರು ಈಗಿಲ್ಲ. ಮತ್ತೆ ಅಚ್ಚು ಹಾಕಿಸೋಣ ಎಂದು ಹುಡುಗರಿಗೆ ಆಸೆ. ಸಿಡಿಯಲ್ಲಿ ಪೇಜ್‌ಮೇಕರ್ ಫೈಲುಗಳೇ ಇರಲಿಲ್ಲ. ಇದ್ದದ್ದು ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಲಾಸ್ಟ್’ ಎಂಬ ಹೆಸರಿನ ಪಿಆರ್‌ಎನ್ ಫೈಲುಗಳು. (ನಮ್ಮ ಕಸುಬಿನವರು ಫೈಲಿಗೆ ಹೆಸರಿಡುವ ಚಂದವೇ ಹಾಗೆ.)

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಆಗೆಲ್ಲ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ, ಅಚ್ಚಿನ ಪ್ಲೇಟು ಮಾಡಲು ಪುಟಗಳ ಫಿಲಂ ತೆಗೆಸಬೇಕಿತ್ತು. ಫಿಲಂ ತೆಗೆಯುವ ಮಷಿನ್ ಇಲ್ಲಿನ ಡಿಟಿಪಿ ಅಂಗಡಿಗಳಲ್ಲಿ ಎಲ್ಲಿ ಇರಬೇಕು? ನಮ್ಮ ಕಂಪ್ಯೂಟರಿನಲ್ಲಿ ಆ ಮಷಿನ್ನಿನ ಡ್ರೈವರ್ ಮಾತ್ರ ಹಾಕಿಕೊಂಡು, ಫೈಲಿಗೆ ಪ್ರಿಂಟ್ ಕೊಟ್ಟು, ಆ ಫೈಲನ್ನು ಸಿಡಿಯಲ್ಲಿ ದೊಡ್ಡ ಊರಿಗೆ ಕಳಿಸುತ್ತಿದ್ದೆವು. ಕಣ್ಣಿಂದ ಕಾಣದ ಮಷಿನ್ನಿಗೆ ನಮ್ಮ ಕಂಪ್ಯೂಟರ್ ಪ್ರಿಂಟ್ ಮಾಡುತ್ತಿತ್ತು. ಪ್ರಿಂಟರ್ ಎದುರಿಗೇ ಇರಬೇಕು ಎಂಬ ನಿಯಮ ಅಂದಿಗೂ ಇರಲಿಲ್ಲ, ಇಂದಿಗೂ ಇಲ್ಲ.

ಗೋಸ್ಟ್‌ಸ್ಕ್ರಿಪ್ಟಿಗೆ ಕೊಟ್ಟೆ. ಒಳಪುಟಗಳು ಬಂದವು, ಆದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ, ಅದೂ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಜೊತೆಗಿದ್ದ ಹುಡುಗ ‘ಹೋಯ್ತು ಬಿಡ್ರಿ ಅಕ್ಕಾ’ ಎಂದ. ಹೋಗಿರಲಿಲ್ಲ. ಫಿಲಮ್ಮಿಗೆ ನೆಗೆಟಿವ್, ಮಿರರ್ ಎಂದು ಗುರುತು ಹಾಕಿ ಕಳಿಸಿದ್ದರು. ಚಿತ್ರ ಮಾಡಿಕೊಂಡು ತಿರುಗಿಸಿ, ಬಣ್ಣ ಅದಲುಬದಲು ಮಾಡಿದರೆ ಸರಿಹೋಯಿತು. ಬಣ್ಣದ ಮುಖಪುಟ ಇನ್ನೂ ಮಜಾ ಇತ್ತು. ಒಂದು ಪುಟ ಇರಬೇಕಾದ ಕಡೆ ನಾಲ್ಕು ಪುಟ ಬಂದವು, ನಾಲ್ಕೂ ಬೂದು ಬಣ್ಣ. ನೀಲಿ, ಕೆಂಪು, ಹಳದಿ, ಕಪ್ಪು ಪ್ಲೇಟುಗಳಿಗೆ ಒಂದೊಂದು. ನಾಲ್ಕನ್ನೂ ಫೋಟೊಶಾಪಿನಲ್ಲಿ ಅವುಗಳ ಬಣ್ಣದ ಚಾನೆಲ್ಲಿಗೆ ಹಾಕಿ ಒಂದು ಮಾಡಿದಾಗ ರಥದ ಚಿತ್ರ ಬಣ್ಣ ಕಟ್ಟಿ ಬಂತು. ಊರಿನವರ ಖುಷಿ ಹೇಳತೀರದು.

ಇಲ್ಲಿ ಕನ್ನಡದ್ದೇ ಒಂದು ಸಂಗತಿ ಇದೆ. ಅಂದಿನ ಕನ್ನಡ ಕೆಲಸವೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ‘ನುಡಿ’ಯೋ, ‘ಶ್ರೀಲಿಪಿ’ಯೋ, ‘ಬರಹ’ವೋ, ಇಂಥ ಕನ್ನಡ ಸಾಫ್ಟ್‌ವೇರುಗಳ ಆಯಾ ಫಾಂಟಿನಲ್ಲಿ ಮಾತ್ರ ಕನ್ನಡವಾಗಿ ಕಾಣುವ ಅಕ್ಷರ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಮೂಲ ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಆದರೆ ಪ್ರಿಂಟ್ ಫೈಲು ಮಾಡುವಾಗ ಡ್ರೈವರ್ ಫಾಂಟನ್ನೂ ಒಳಗೇ ತುಂಬಿಸಿದ್ದರೆ, ಆ ಫಾಂಟು ಇಂದು ಯಾರ ಹತ್ತಿರ ಇಲ್ಲದಿದ್ದರೂ ಅಕ್ಷರ ಇದ್ದ ಹಾಗೇ ಕಾಣುತ್ತದೆ. ಹೊಳಲ್ಕೆರೆ ಕಡೆಯ ಆ ಸಂಚಿಕೆ ಉಳಿದದ್ದು ಅದರಿಂದ. ಮೂಲ ಪೇಜ್‌ಮೇಕರ್ ಫೈಲು ಸಿಕ್ಕಿದ್ದರೂ ಇಷ್ಟು ಚೆನ್ನಾಗಿ ತೆರೆಯುತ್ತಿತ್ತೋ ಇಲ್ಲವೋ. ಫಾಂಟು ತುಂಬಿಸದೆ ಮಾಡಿದ ಫೈಲಾದರೆ ಕನ್ನಡದ ಜಾಗದಲ್ಲಿ ಯಾವುದೋ ಇಂಗ್ಲಿಷ್ ಫಾಂಟು ಬಂದು ಕೂರುತ್ತದೆ. ಇನ್ನೊಂದು ಮಾತು. ಹೀಗೆ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಹುಡುಕಾಟಕ್ಕಲ್ಲ. ಅದರಿಂದ ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಮತ್ತೆ ಅದೇ ಚಿತ್ರಾನ್ನ. ಅದಕ್ಕೆ ಬೇರೆ ಪರಿವರ್ತಕ ಬೇಕು, ಆಮೇಲೆ ಕೂತು ತಿದ್ದಬೇಕು.

ಎಲ್ಲ ಪಿಆರ್‌ಎನ್ ಹೀಗೆ ಬಾಯಿ ಬಿಡುವುದಿಲ್ಲ. ನಮ್ಮ ಅಂಗಡಿ, ಕಚೇರಿ, ವಕೀಲರ ಕೋಣೆ ಎಲ್ಲ ಕಡೆ ಕಾಣುವ ಚಿಕ್ಕ ಲೇಸರ್ ಪ್ರಿಂಟರುಗಳಿವೆಯಲ್ಲ, ಕೆನಾನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಥರದವು. ಗಟ್ಟಿಮುಟ್ಟು ಪ್ರಿಂಟರುಗಳು, ನನ್ನ ಅಂಗಡಿಯಲ್ಲೂ ಇದೆ. ಆದರೆ ಇವು ಪೋಸ್ಟ್‌ಸ್ಕ್ರಿಪ್ಟ್ ಓದುವುದಿಲ್ಲ. ಪುಟವನ್ನು ಪೂರ್ತಿ ಕಂಪ್ಯೂಟರೇ ಚುಕ್ಕೆಗಳ ಚಿತ್ರವಾಗಿ ಮಾಡಿ, ಒತ್ತಿ ಮಡಚಿ, ಆ ಮಾಡೆಲ್ಲಿಗೇ ಹೊಂದುವ ರೀತಿಯಲ್ಲಿ ಕಳಿಸುತ್ತದೆ. ಅಂಥ ಪ್ರಿಂಟರಿನ ಹೆಸರಿನಲ್ಲಿ ಮಾಡಿದ ಫೈಲನ್ನು ಗೋಸ್ಟ್‌ಸ್ಕ್ರಿಪ್ಟ್ ತೆರೆಯುವುದಿಲ್ಲ. ಕೆಲವಕ್ಕೆ ಲಿನಕ್ಸ್ ಬಲ್ಲವರು ಬಿಡಿಸುವ ಉಪಾಯ ಮಾಡಿದ್ದಾರೆ. ನಮ್ಮ ನಿಮ್ಮಂಥವರಿಗೆ ಅದು ಆಗುವ ಕೆಲಸವಲ್ಲ. ಅದೇ ಮಾಡೆಲ್ ಪ್ರಿಂಟರ್ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಬೇಕು, ಇಲ್ಲವೇ ಮೂಲ ಪತ್ರಕ್ಕೆ ವಾಪಸ್ ಹೋಗಬೇಕು. ಹಾಸ್ಟೆಲಿನ ಹುಡುಗಿಯೊಬ್ಬಳು ಪ್ರಾಜೆಕ್ಟ್ ರಿಪೋರ್ಟನ್ನು ಹೀಗೆ ತಂದಿದ್ದಳು. ಮೂಲ ವರ್ಡ್ ಫೈಲು ಗೆಳತಿಯ ಲ್ಯಾಪ್‌ಟಾಪಿನಲ್ಲಿತ್ತು, ಬಚಾವಾದಳು.

ಹಾಗಾಗಿ ಕೌಂಟರಿನ ಆಚೆ ಕೂತ ಅಣ್ಣಂದಿರು, ಅಕ್ಕಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಿಂಟರ್ ಕೆಟ್ಟಾಗ ‘ಪ್ರಿಂಟ್ ಟು ಫೈಲ್’ ಗುರುತು ಹಾಕಬೇಡಿ. ಪ್ರಿಂಟರ್ ಆರಿಸುವ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂದಿರುತ್ತದೆ, ಅದನ್ನು ಆರಿಸಿ. 2015ರಲ್ಲಿ ವಿಂಡೋಸ್ 10 ಬಂದಾಗಿನಿಂದ ಅದು ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಒತ್ತಿದರೆ ಫೈಲಿಗೆ ಹೆಸರು ಕೇಳುತ್ತದೆ. ಬಂದವರ ಹೆಸರು, ತಾರೀಕು ಕೊಟ್ಟು ಉಳಿಸಿ. ಅದನ್ನು ಯಾವ ಮೊಬೈಲಿನಲ್ಲಿ ಬೇಕಾದರೂ ಓದಬಹುದು, ಯಾವ ಅಂಗಡಿಯ ಯಾವ ಪ್ರಿಂಟರಿನಲ್ಲಿ ಬೇಕಾದರೂ ತೆಗೆಸಬಹುದು. ಅದೇ ಪಟ್ಟಿಯಲ್ಲಿ ಎಕ್ಸ್‌ಪಿಎಸ್ ಎಂಬ ಇನ್ನೊಂದು ಹೆಸರು ಇದ್ದರೂ ಅದಕ್ಕೆ ಹೋಗಬೇಡಿ. ಅದನ್ನು ತೆರೆಯುವ ಸಾಫ್ಟ್‌ವೇರನ್ನು 2018ರಿಂದ ಹೊಸ ವಿಂಡೋಸಿನ ಜೊತೆ ತಾನಾಗಿ ಹಾಕುವುದನ್ನೇ ನಿಲ್ಲಿಸಿದ್ದಾರೆ, ಬೇಕಾದವರು ಬೇರೆಯಾಗಿ ಹಾಕಿಕೊಳ್ಳಬೇಕು. ಲಿಬ್ರೆ ಆಫೀಸ್ ಬಳಸುವವರಿಗೆ ಪಿಡಿಎಫ್ ಮಾಡುವ ಗುಂಡಿ ಮೇಲಿನ ಪಟ್ಟಿಯಲ್ಲೇ ಇದೆ.

ಹಳೇ ಕಂಪ್ಯೂಟರ್, ಹಳೇ ವಿಂಡೋಸ್ ಇಟ್ಟುಕೊಂಡ ಸಂಘಗಳು ಇನ್ನೂ ಬೇಕಾದಷ್ಟಿವೆ. ಅಲ್ಲೂ ದಾರಿ ಇದೆ. ಹೆಸರಿನ ಕೊನೆಯಲ್ಲಿ ಪಿಎಸ್ ಎಂದಿರುವ ಯಾವುದಾದರೂ ಪ್ರಿಂಟರಿನ ಡ್ರೈವರ್ ಹಾಕಿ, ಪೋರ್ಟ್ ಕೇಳಿದಾಗ ‘ಫೈಲ್’ ಎಂದು ಕೊಡಿ. ಆ ಪ್ರಿಂಟರ್ ನಿಮ್ಮಲ್ಲಿ ಇರಬೇಕಿಲ್ಲ, ದೇಶದಲ್ಲೇ ಇರಬೇಕಿಲ್ಲ. ಡ್ರೈವರ್ ಅದನ್ನು ವಿಚಾರಿಸುವುದಿಲ್ಲ. ಹಾಗೆ ಬಂದ ಫೈಲನ್ನು ಗೋಸ್ಟ್‌ಸ್ಕ್ರಿಪ್ಟಿನಲ್ಲಿ ಪಿಡಿಎಫ್ ಮಾಡಬಹುದು. ಒಮ್ಮೆ ಯಾರಾದರೂ ಹುಡುಗರನ್ನು ಕರೆದು ಹೊಂದಿಸಿಟ್ಟರೆ ಆಯ್ತು.

ಸೀಲು, ಸಹಿ ಬೇಕಾದ ಕಾಗದಕ್ಕೆ ಹಾಳೆ ಬೇಕೇ ಬೇಕು, ನಾನೇನು ಇಲ್ಲ ಎನ್ನುತ್ತಿಲ್ಲ. ಆದರೆ ಬರುವ ಹತ್ತು ಜನರಲ್ಲಿ ಎಲ್ಲರೂ ಸಹಿಗೆ ಬರುವುದಿಲ್ಲ. ಬಾಕಿ ಎಷ್ಟು, ಅರ್ಜಿ ಎಲ್ಲಿಗೆ ಬಂತು, ಪಟ್ಟಿಯಲ್ಲಿ ಹೆಸರಿದೆಯಾ, ಹೆಸರಿನ ಕಾಗುಣಿತ ಸರಿ ಇದೆಯಾ, ಇಷ್ಟನ್ನೇ ನೋಡಲು ಬರುವವರು ಜಾಸ್ತಿ. ಅವರಿಗೆ ಪರದೆಯನ್ನು ಸ್ವಲ್ಪ ಈ ಕಡೆ ತಿರುಗಿಸಿದರೂ ಸಾಕು. ಇದರಲ್ಲಿ ಇನ್ನೊಂದು ಲಾಭ ಇದೆ. ಹೆಸರು ತಪ್ಪಾಗಿದ್ದರೆ ಹಾಳೆ ಹಾಳಾಗುವ ಮುಂಚೆಯೇ ಗೊತ್ತಾಗುತ್ತದೆ. ನಾನು ಲಗ್ನಪತ್ರಿಕೆ ಪ್ರೂಫನ್ನು ಈಗ ಕಾಗದದಲ್ಲಿ ಕೊಡುವುದೇ ಇಲ್ಲ. ಪಿಡಿಎಫ್ ಮಾಡಿ ಮೊಬೈಲಿಗೆ ಹಾಕುತ್ತೇನೆ. ಮನೆಯವರೆಲ್ಲ ಸೇರಿ ಓದುತ್ತಾರೆ. ಸೋದರಮಾವನ ಹೆಸರು ಬಿಟ್ಟುಹೋದದ್ದು ಅಚ್ಚಾದ ಮೇಲೆ ಅಲ್ಲ, ಮುಂಚೆಯೇ ಸಿಗುತ್ತದೆ.

ಕಾನೂನು ಅಡ್ಡ ಬರುತ್ತದೆ ಎನ್ನುವವರಿಗೂ ಒಂದು ಮಾತು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಮು ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಅಲ್ಲಿ ಒಂದು ಷರತ್ತು ಇದೆ, ಮುಂದೆ ಬೇಕಾದಾಗ ತೆಗೆದು ನೋಡುವಂತಿರಬೇಕು. ಯಾವ ಪ್ರಿಂಟರಿನದೋ ಗೊತ್ತಿಲ್ಲದ ಪಿಆರ್‌ಎನ್ ಆ ಷರತ್ತನ್ನು ಹೇಗೆ ಪಾಲಿಸೀತು? ಪಿಡಿಎಫ್ ಆದರೆ 2008ರಿಂದ ಅಂತರರಾಷ್ಟ್ರೀಯ ಮಾನಕ, ಒಬ್ಬ ಕಂಪನಿಯವರ ಸ್ವತ್ತಲ್ಲ. ಇನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಂತೂ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಪ್ರಿಂಟಿನಲ್ಲಷ್ಟೇ ಅಲ್ಲ, ಫ್ಲಾಪಿ, ಡಿಸ್ಕೆಟ್ ಅಥವಾ ಬೇರೆ ವಿದ್ಯುನ್ಮಾನ ರೂಪದಲ್ಲಿ ಪಡೆಯುವ ಹಕ್ಕನ್ನೂ ಹೇಳಿದೆ. ಫ್ಲಾಪಿ ಕಾಲದಲ್ಲೇ ಒಪ್ಪಿಕೊಂಡದ್ದನ್ನು ಎಲ್ಲರ ಕೈಯಲ್ಲಿ ಮೊಬೈಲ್ ಇರುವಾಗ ಒಪ್ಪದಿದ್ದರೆ ಹೇಗೆ?

ಇನ್ನೊಂದು ಅಪಾಯ ನಾನು ಕಣ್ಣಾರೆ ಕಾಣುತ್ತಿರುವುದು. ಫೈಲು ತೆರೆಯದಿದ್ದಾಗ ಹುಡುಗರು ಗೂಗಲ್ ಮಾಡಿ, ಯಾವುದೋ ಪುಕ್ಕಟೆ ವೆಬ್‌ಸೈಟಿಗೆ ಅದನ್ನು ಏರಿಸುತ್ತಾರೆ. ಅದರಲ್ಲಿ ಖಾತೆ ನಂಬರು, ಆಧಾರ್ ನಂಬರು, ಸರ್ವೆ ನಂಬರು ಎಲ್ಲ ಇರುತ್ತದೆ. ಅದು ಯಾರ ಕಂಪ್ಯೂಟರಿಗೆ ಹೋಯಿತು, ಅಲ್ಲಿ ಎಷ್ಟು ದಿನ ಇರುತ್ತದೆ, ಕೇಳುವವರಿಲ್ಲ. ಲಗ್ನಪತ್ರಿಕೆಯಾದರೆ ಹೋಗಲಿ, ಊರಿಗೆಲ್ಲ ಹಂಚುವುದೇ. ಸಾಲದ ಕಾಗದ, ಆಸ್ಪತ್ರೆ ಕಾಗದ ಹಾಗಲ್ಲ. ಗೋಸ್ಟ್‌ಸ್ಕ್ರಿಪ್ಟ್ ನಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ, ಇಂಟರ್ನೆಟ್ ಬೇಕಿಲ್ಲ.

ಹಾಗೇ ಪ್ರಿಂಟ್ ಬರಲಿಲ್ಲ ಎಂದು ಮತ್ತೆ ಮತ್ತೆ ಪ್ರಿಂಟ್ ಒತ್ತುವುದನ್ನು ನಿಲ್ಲಿಸಬೇಕು. ಒತ್ತಿದ್ದೆಲ್ಲ ಸರದಿಯಲ್ಲಿ ಕಾಯುತ್ತಿರುತ್ತದೆ. ರಿಪೇರಿಯಾಗಿ ಪ್ರಿಂಟರ್ ಶುರುವಾದ ದಿನ ಒಬ್ಬರದೇ ಕಾಗದ ಸಾಲುಸಾಲಾಗಿ ಹೊರಗೆ ಬರುತ್ತದೆ. ಯಾರದೋ ಖಾತೆಯ ವಿವರ ಟ್ರೇಯಲ್ಲಿ ಬಿದ್ದಿರುತ್ತದೆ. ಅದರ ಹಿಂಭಾಗದಲ್ಲಿ ಲೆಕ್ಕ ಬರೆಯುವ, ಬೋಂಡ ಕಟ್ಟುವ ಗತಿ ಬರುತ್ತದೆ. ಪ್ರಿಂಟರ್ ಕೆಟ್ಟ ದಿನವೇ ಆ ಸರದಿಯನ್ನು ಖಾಲಿ ಮಾಡುವುದು ವಾಸಿ.

ಪತ್ರ ಉದ್ದವಾಯಿತು. ಕತ್ತರಿ ಹಾಕುವುದಾದರೆ ಮುಖಪುಟದ ಬಣ್ಣದ ಕತೆ ತೆಗೆಯಿರಿ, ವೆಬ್‌ಸೈಟಿನ ಎಚ್ಚರಿಕೆ ಮಾತ್ರ ಬಿಡಬೇಡಿ. ಇನ್ನೊಂದು ವಿಷಯವೂ ಉಳಿಯಬೇಕು. ಅದು ಹಳೇ ದಾಖಲೆಗಳದ್ದು.

ನಮ್ಮ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಚಿತ್ರದುರ್ಗದಿಂದ ಬೇರೆಯಾಗಿ. ಸುಮಾರು ಆ ಕಾಲದಲ್ಲೇ ಸಂಘ, ಮಂಡಿ, ಶಾಲೆಗಳಿಗೆ ಒಂದೊಂದಾಗಿ ಕಂಪ್ಯೂಟರ್ ಬಂದದ್ದು. ಫಾಕ್ಸ್‌ಪ್ರೊ ಎಂಬ ಹಳೇ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆದ ಲೆಕ್ಕದ ಪ್ರೋಗ್ರಾಮುಗಳು, ವರ್ಷದ ಕೊನೆಗೆ ಪ್ರಿಂಟರಿಗೆ ಕೊಡುವ ಬದಲು ಫೈಲಿಗೆ ಕೊಟ್ಟು ಇಟ್ಟ ಲೆಡ್ಜರುಗಳು, ಪ್ರಿಂಟ್ ಫೈಲಾಗಿ ಮಾತ್ರ ಉಳಿದ ಸ್ಮರಣ ಸಂಚಿಕೆಗಳು, ಇವೆಲ್ಲ ಇನ್ನೂ ಕೆಲವು ಕಪಾಟುಗಳಲ್ಲಿವೆ. ಸಿಡಿಗಳು ಗೀರು ಬಿದ್ದು ಹಾಳಾಗುತ್ತಿವೆ. ಫ್ಲಾಪಿ ಓದುವ ಡ್ರೈವೇ ಅಪರೂಪ. ಆ ಲೆಡ್ಜರುಗಳಲ್ಲಿ ಇಂಗ್ಲಿಷಿನ ಅಕ್ಷರ, ಅಂಕಿ ಇದ್ದರೆ ನೋಟ್‌ಪ್ಯಾಡು ಸಾಕು. ಕಂಪ್ಯೂಟರಿನಲ್ಲಿ ಭಾರತೀಯ ಭಾಷೆ ಮೂಡಿಸಲು ಹಾಕುತ್ತಿದ್ದ ಜಿಸ್ಟ್ ಕಾರ್ಡು ಬಳಸಿ ಕನ್ನಡದಲ್ಲಿ ಮಾಡಿದ್ದಾದರೆ ಅದು ಇಸ್ಕಿ ಎಂಬ ಹಳೇ ಪದ್ಧತಿಯ ಅಕ್ಷರ, ಪರಿವರ್ತಿಸಬೇಕು. ಕಷ್ಟ, ಆದರೆ ಆಗದ ಕೆಲಸವಲ್ಲ.

ಮಾರ್ಚ್ ಮುಗಿದ ಮೇಲೆ ಹಳೇ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಸಂಘ, ಶಾಲೆಗಳವರು ಅದಕ್ಕೂ ಮುಂಚೆ ಒಂದು ಕೆಲಸ ಮಾಡಲಿ. ಹಾರ್ಡ್ ಡಿಸ್ಕಿನಲ್ಲಿ ಪಿಆರ್‌ಎನ್ ಎಂದು ಹುಡುಕಿ, ಸಿಕ್ಕ ಫೈಲುಗಳನ್ನು ಕಾಪಿ ಮಾಡಿಕೊಳ್ಳಲಿ. ಆ ಕಂಪ್ಯೂಟರಿನಲ್ಲಿ ಯಾವ ಯಾವ ಪ್ರಿಂಟರಿನ ಹೆಸರುಗಳಿವೆ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ. ಕನ್ನಡ ಫಾಂಟುಗಳ ಫೋಲ್ಡರನ್ನೂ ಎತ್ತಿಟ್ಟುಕೊಳ್ಳಲಿ. ಹುಡುಕುವವರು ಯಾರೂ ಇಲ್ಲದಿದ್ದರೆ ಹತ್ತಿರದ ಡಿಟಿಪಿಯವರನ್ನು ಕೇಳಿ. ಪೇಜ್‌ಮೇಕರ್ ಕಾಲದವರು ಪ್ರತಿ ತಾಲ್ಲೂಕಿನಲ್ಲೂ ಒಬ್ಬಿಬ್ಬರಾದರೂ ಅಂಗಡಿ ತೆಗೆದುಕೊಂಡು ಕೂತಿದ್ದೇವೆ.

ಇಂತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗಿ,
ಚಾಮರಾಜಪೇಟೆ, ದಾವಣಗೆರೆ